ಗಾಜಿನ ಮೇಲಣ ತೆರೆ

ಸೂರತ್ತಿನ ವರಾಛಾ ಭಾಗದಲ್ಲಿ ನೆಲೆಸಿರುವ ಗೃಹಸ್ಥರಲ್ಲಿ ಬಹುಮಂದಿ ವಜ್ರದ ಕಸುಬನ್ನು ಅರಸಿ ಸೌರಾಷ್ಟ್ರದ ಅಮರೇಲಿ, ಭಾವನಗರ ಮೊದಲಾದ ಸೀಮೆಗಳ ಹಳ್ಳಿಗಳಿಂದ ಬಂದವರು, ಇಲ್ಲವೆ ಹಾಗೆ ಬಂದವರ ಮಕ್ಕಳು. ಅವರು ಬಿಟ್ಟುಬಂದ ಊರುಗಳಲ್ಲಿ ಮನೆಯೆಂಬುದು ಡೇಲಿಯಿಂದ ಮೊದಲಾಗುತ್ತಿತ್ತು. ಬೀದಿಗೂ ಅಂಗಳಕ್ಕೂ ನಡುವೆ ನಿಂತ ಆ ಹೆಬ್ಬಾಗಿಲ ಚಾವಡಿಯಲ್ಲಿ ಪರಸ್ಥಳದವನ ಕಾಲು ಮಾತ್ರವಲ್ಲ, ಕಣ್ಣೂ ತಡೆದು ನಿಲ್ಲುತ್ತಿತ್ತು. ಒಳಗಿನವರು ಹೇಗೆ ಉಂಡರು, ಹೇಗೆ ಮಲಗಿದರು, ಯಾರೊಡನೆ ಜಗಳವಾಡಿದರು ಎಂಬುದು ಅದರಿಂದಾಚೆಗೆ ಹೋಗಬೇಕಾದರೆ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗಿತ್ತು. ವರಾಛಾದ ಸೊಸೈಟಿಗಳಲ್ಲಿ ಡೇಲಿಗೆ ಸ್ಥಳವಿಲ್ಲ. ಕಟ್ಟಡಕ್ಕೆ ಕಟ್ಟಡ ಎದುರುಬದುರಾಗಿ ನಿಂತಿರುವ ಆ ಗಲ್ಲಿಗಳಲ್ಲಿ ಒಂದು ಮನೆಯ ಅಡುಗೆಯ ಒಗ್ಗರಣೆ ಮತ್ತೊಂದು ಮನೆಯ ಪೂಜೆಯ ಊದುಬತ್ತಿಯೊಡನೆ ಬೆರೆಯುತ್ತದೆ, ಮತ್ತು ಹಿಂದೆ ಇಡಿಯ ಒಂದು ಚಾವಡಿಯು ನಿರ್ವಹಿಸುತ್ತಿದ್ದ ಕರ್ತವ್ಯವನ್ನು ಇಂದು ಕಾಗದದಷ್ಟು ತೆಳುವಾದ ಒಂದು ಅಂಟುಹಾಳೆಗೆ ಒಪ್ಪಿಸಬೇಕಾಗಿ ಬಂದಿದೆ.

ಜನ ಇದನ್ನು ಫಿಲ್ಮ್ ಎಂದೇ ಕರೆಯುತ್ತಾರೆ. ಅಂಗಡಿಯವನು ಮುಂದಿಡುವ ಬಗೆಗಳು ಅನೇಕವಾದರೂ ವಿಚಾರಕ್ಕೆ ಯೋಗ್ಯವಾದವು ಎರಡು. ಮೊದಲನೆಯದು ಫ್ರಾಸ್ಟೆಡ್, ಎಂದರೆ ಉಜ್ಜಿದ ಗಾಜಿನಂತೆ ಮಸಕಾದುದು. ಅದು ಬೆಳಕನ್ನು ಒಳಗೆ ಬಿಡುತ್ತದೆ, ಆದರೆ ಹಾದುಬರುವ ಕಿರಣಗಳನ್ನು ನಾನಾ ದಿಕ್ಕಿಗೆ ಚದುರಿಸಿ ಆಕೃತಿಯನ್ನು ಅಳಿಸಿಬಿಡುವುದರಿಂದ ಹೊರಗಿನವನಿಗೂ ಒಳಗಿನವನಿಗೂ ಸಮಾನವಾಗಿ ಏನೂ ಕಾಣದು. ಎರಡನೆಯದು ಕನ್ನಡಿಯ ಫಿಲ್ಮ್. ಪಾಲಿಯೆಸ್ಟರ್ ಹಾಳೆಯ ಮೇಲೆ ಅತಿ ಸೂಕ್ಷ್ಮವಾದ ಅಲ್ಯೂಮಿನಿಯಂ ಲೇಪನವಿರುವ ಇದು ಬೀಳುವ ಬೆಳಕಿನ ಬಹುಭಾಗವನ್ನು ಹಿಂದಕ್ಕೆ ಕಳುಹಿಸಿ ಸ್ವಲ್ಪವನ್ನಷ್ಟೇ ಹಾಯಗೊಡುತ್ತದೆ. ಇದಕ್ಕೆ ಒಳಗು ಹೊರಗೆಂಬ ಪಕ್ಷಪಾತವಿಲ್ಲ. ಯಾವ ಕಡೆ ಬೆಳಕು ಹೆಚ್ಚೋ ಆ ಕಡೆಯವನಿಗೆ ತನ್ನ ಪ್ರತಿಬಿಂಬವೇ ಕಾಣುತ್ತದೆ, ಯಾವ ಕಡೆ ಕಡಿಮೆಯೋ ಆ ಕಡೆಯವನಿಗೆ ಎದುರಿನ ಲೋಕವೆಲ್ಲ ಕಾಣುತ್ತದೆ. ಆದಕಾರಣ ಹಗಲೆಲ್ಲ ಮನೆಯೊಡೆಯನು ಅದೃಶ್ಯನಾಗಿ ಕುಳಿತು ಬೀದಿಯನ್ನು ನೋಡಬಹುದು. ಸಂಜೆ ಮನೆಯೊಳಗೆ ದೀಪ ಹೊತ್ತಿದೊಡನೆಯೇ ಪಾತ್ರಗಳು ಅದಲುಬದಲಾಗಿ, ಕತ್ತಲೆಯ ಗಲ್ಲಿಯಲ್ಲಿ ನಿಂತವನ ಮುಂದೆ ಆ ಸಂಸಾರವೆಲ್ಲ ರಂಗಮಂಚದ ಮೇಲಿದ್ದಂತೆ ತೆರೆದುಕೊಳ್ಳುತ್ತದೆ. ಅಂಗಡಿಯವನು ಇದನ್ನು ಯಾವಾಗಲೂ ಮೊದಲೇ ಹೇಳುತ್ತಾನೆಂದು ಭಾವಿಸತಕ್ಕದ್ದಲ್ಲ. ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುವ ವಿದ್ಯೆಯನ್ನು ಆ ಊರಿನ ರತ್ನಕಲಾಕಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಘಂಟಿಯೆಂಬ ಸಾಣೆಚಕ್ರದ ಮುಂದೆ ಕುಳಿತು ಅವರು ವಜ್ರಕ್ಕೆ ಮುಖಗಳನ್ನು ಕಡೆಯುವುದೇ ಮೇಲಿಂದ ಹೊಕ್ಕ ಕಿರಣವು ಕೆಳಗೆ ಸೋರಿಹೋಗದೆ ಮೇಲಕ್ಕೇ ಮರಳಲೆಂದು. ಚೆನ್ನಾಗಿ ಕಡೆದ ಕಲ್ಲನ್ನು ಅಕ್ಷರದ ಮೇಲೆ ಬೋರಲಾಗಿಟ್ಟರೆ ಅಕ್ಷರವನ್ನು ಓದಲಾಗದು.

ಆದರೆ ಈ ಎರಡರಲ್ಲಿ ಯಾವುದನ್ನು ಆರಿಸಬೇಕೆಂಬುದು ಕೇವಲ ಬೆಲೆಯ, ಬಿಸಿಲಿನ ಪ್ರಶ್ನೆಯೇ ಆಗಿದ್ದರೆ ಇಷ್ಟು ದೀರ್ಘವಾಗಿ ಬರೆಯುವ ಕಾರಣವಿರುತ್ತಿರಲಿಲ್ಲ. ಆಸ್ತಿಕನಾದವನು ಕಿಟಕಿಗೆ ತೆರೆ ಹಾಕುವಾಗ ಅವನ ಮನಸ್ಸಿನ ಮೂಲೆಯಲ್ಲಿ ಕನಕದಾಸರ ಬಾಳೆಯಹಣ್ಣಿನ ಕಥೆ ಏಳದಿರದು. ಯಾರೂ ಕಾಣದ ಸ್ಥಳದಲ್ಲಿ ತಿಂದು ಬನ್ನಿರೆಂದು ವ್ಯಾಸರಾಯರು ಶಿಷ್ಯರಿಗೆಲ್ಲ ಹಣ್ಣು ಕೊಟ್ಟರೆಂದೂ, ಉಳಿದವರು ಬಾಗಿಲ ಹಿಂದೆ, ಗುಹೆಯೊಳಗೆ, ಹೊದಿಕೆಯಡಿ ತಿಂದು ಮುಗಿಸಿ ಬಂದರೆಂದೂ, ಕನಕನೊಬ್ಬನು ಮಾತ್ರ ದೇವರು ಕಾಣದ ಎಡೆಯನ್ನು ಕಾಣಲಾರದೆ ಹಣ್ಣನ್ನು ಹಿಡಿದೇ ಮರಳಿದನೆಂದೂ ನಮ್ಮ ನಾಡಿನ ಮಕ್ಕಳಿಗೆಲ್ಲ ಗೊತ್ತು. ಕಥೆಯ ನೀತಿಯನ್ನು ಅಕ್ಷರಶಃ ಹಿಡಿದರೆ ತೆರೆಯೆಂಬುದೇ ಒಂದು ವಂಚನೆಯಾಗುತ್ತದೆ. ಎಲ್ಲವನ್ನೂ ಕಾಣುವವನೊಬ್ಬನು ಇರುವಾಗ ಎದುರು ಮನೆಯವನು ಕಂಡರೇನು, ಕಾಣದಿದ್ದರೇನು? ಅಲ್ಲದೆ, ತಪ್ಪಿಲ್ಲದವನಿಗೆ ಮರೆಯೇಕೆಂಬ ಮಾತು ಇತ್ತೀಚೆಗೆ ರಾಜ್ಯಾಧಿಕಾರದ ಬಾಯಲ್ಲಿಯೂ ಕೇಳಿಬರುತ್ತಿರುವುದರಿಂದ, ಕಥೆಯ ಮುಗ್ಧತೆಯನ್ನು ಅಪಾಯಕರವಾದ ರೀತಿಯಲ್ಲಿ ದುಡಿಸಿಕೊಳ್ಳುವ ಸಂಭವವೂ ಉಂಟು.

ಈ ಆಕ್ಷೇಪಕ್ಕೆ ಉತ್ತರವನ್ನು ದೇವಾಲಯದಲ್ಲಿಯೇ ಹುಡುಕಬಹುದು. ನೈವೇದ್ಯದ ಹೊತ್ತಿಗೆ, ಅಲಂಕಾರದ ಹೊತ್ತಿಗೆ ಗರ್ಭಗುಡಿಯ ಮುಂದೆ ತೆರೆ ಬೀಳುತ್ತದೆ. ಗುಜರಾತಿನ ಪುಷ್ಟಿಮಾರ್ಗದ ಹವೇಲಿಗಳೆಂಬ ಕೃಷ್ಣಮಂದಿರಗಳಲ್ಲಂತೂ ದಿನಕ್ಕೆ ಎಂಟು ದರ್ಶನಗಳ ಕ್ರಮವಿದ್ದು, ಮಿಕ್ಕ ಹೊತ್ತೆಲ್ಲ ಠಾಕೋರಜಿ ಎನಿಸಿದ ಆ ದೇವರು ತನ್ನ ಮನೆಯಲ್ಲಿ ತಾನಿರುತ್ತಾನೆ. ಮಲಗಿದವನನ್ನು ನೋಡುತ್ತೇನೆಂದು ಹಟ ಹಿಡಿಯುವ ಭಕ್ತನನ್ನು ಯಾರೂ ಮೆಚ್ಚರು. ದೇವರು ತೆರೆಯ ಹಿಂದೆ ಯಾವ ಅಪರಾಧವನ್ನು ಮುಚ್ಚಿಡುತ್ತಾನೆಂದು ಇದುವರೆಗೆ ಯಾರಾದರೂ ಶಂಕಿಸಿದ್ದುಂಟೆ? ಏಕಾಂತವು ಪಾಪದ ಆಶ್ರಯವೆಂಬ ಭಾವನೆ ನಮ್ಮ ಆರಾಧನಾಪದ್ಧತಿಗೆ ಅಪರಿಚಿತವಾದುದು. ಮರೆಯಾಗಿ ಉಣ್ಣುವ, ಮರೆಯಾಗಿ ಮಲಗುವ ಹಕ್ಕನ್ನು ದೇವರಿಗೇ ಸಲ್ಲಿಸಿರುವ ಜನರು ಅದನ್ನು ನೆರೆಯವನಿಗೆ ನಿರಾಕರಿಸಲಾರರು. ಇದರೊಡನೆ ಉಡುಪಿಯ ಕಿಂಡಿಯನ್ನೂ ನೆನೆಯಬೇಕು. ಎಲ್ಲವನ್ನೂ ನೋಡುವ ಆ ಕೃಷ್ಣನು, ಒಳಗೆ ಬರಲು ಎಡೆ ದೊರೆಯದ ಕನಕನಿಗಾಗಿ ಪಶ್ಚಿಮಕ್ಕೆ ತಿರುಗಿ ನಿಂತನೆಂಬ ಐತಿಹ್ಯದಲ್ಲಿ ದೇವರು ನೋಡಿದನೆಂಬುದಕ್ಕಿಂತ ನೋಡಗೊಟ್ಟನೆಂಬುದೇ ಮುಖ್ಯ.

ವೇದಾಂತಿಗಳು ಈ ವಿಷಯವನ್ನು ಮತ್ತಷ್ಟು ನಿಷ್ಠುರವಾಗಿ ವಿಚಾರಿಸಿದ್ದಾರೆ. ದೃಗ್ದೃಶ್ಯವಿವೇಕವೆಂಬ ಚಿಕ್ಕ ಪ್ರಕರಣಗ್ರಂಥವು ರೂಪವನ್ನು ಕಾಣುವ ಕಣ್ಣು, ಕಣ್ಣನ್ನು ಕಾಣುವ ಮನಸ್ಸು, ಮನಸ್ಸನ್ನು ಕಾಣುವ ಸಾಕ್ಷಿ ಎಂಬುದಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೊನೆಯ ಸಾಕ್ಷಿಯು ಎಂದಿಗೂ ದೃಶ್ಯವಾಗದೆಂದು ನಿರ್ಣಯಿಸುತ್ತದೆ. ತಾನು ಕಾಣಿಸಿಕೊಳ್ಳದೆ ಕಾಣುವ ಪದವಿ ಒಂದೇ ಒಂದು, ಅದು ಸಾಕ್ಷಿಯದು. ಆದರೆ ಆ ಪದವಿಗೆ ಯೋಗ್ಯತೆಯೊಂದುಂಟು: ಸಾಕ್ಷಿಯು ಉದಾಸೀನನು, ಕಂಡದ್ದರಿಂದ ಅವನಿಗೆ ಲಾಭವಿಲ್ಲ, ಹಸಿವಿಲ್ಲ, ಎದುರು ಮನೆಗೆ ಹೊಸ ಫ್ರಿಜ್ಜು ಬಂದಿತೆಂದು ಅವನ ಮನಸ್ಸು ಕದಡುವುದಿಲ್ಲ. ಮುಂಡಕೋಪನಿಷತ್ತಿನ ಎರಡು ಹಕ್ಕಿಗಳಲ್ಲಿ ನೋಡುತ್ತ ಕುಳಿತುದು ಹಣ್ಣನ್ನು ತಿನ್ನದು. ತಿನ್ನುವ ಹಕ್ಕಿಯೇ ಕನ್ನಡಿಯ ಮರೆಯಲ್ಲಿ ಕುಳಿತು ನೋಡತೊಡಗಿದರೆ ಆಗುವ ಅನರ್ಥವೇ ಬೇರೆ. ಕನ್ನಡಿಯ ಫಿಲ್ಮಿನ ವಿಷಯದಲ್ಲಿ ನನಗಿರುವ ಶಂಕೆಯ ಮೂಲ ಇದು. ಅದು ನನ್ನನ್ನು ಮರೆಮಾಡುತ್ತದೆಂಬುದು ದೋಷವಲ್ಲ, ಮರೆಮಾಡುತ್ತಲೇ ನನ್ನ ಕಣ್ಣನ್ನು ಬಿಡುಗಡೆ ಮಾಡುತ್ತದೆಂಬುದು ದೋಷ.

ಯುರೋಪಿನಲ್ಲಿ, ಕಾಣಿಸಿಕೊಳ್ಳದೆ ಕಾಣುವ ಈ ಪದವಿಯನ್ನು ಕಾವಲುಗಾರನಿಗೆ ಕೊಡಮಾಡಿದವನು ಜೆರೆಮಿ ಬೆಂಥಾಮ್. 1791ರಲ್ಲಿ ಪ್ರಕಟವಾದ ಅವನ ಬಂದೀಖಾನೆಯ ಯೋಜನೆಯಲ್ಲಿ ಕೋಣೆಗಳೆಲ್ಲ ವರ್ತುಲಾಕಾರವಾಗಿ ಜೋಡಣೆಗೊಂಡಿದ್ದು, ನಡುವಣ ಗೋಪುರದಲ್ಲಿ ತೆರೆಗಳ ಹಿಂದೆ ಕುಳಿತ ಮೇಲ್ವಿಚಾರಕನು ಎಲ್ಲರನ್ನೂ ಕಾಣುತ್ತಾನೆ, ಅವನನ್ನು ಯಾರೂ ಕಾಣರು. ಭಗವಂತನಿಗೆ ಸಲ್ಲತಕ್ಕ ಸರ್ವವ್ಯಾಪಿತ್ವವನ್ನು ಆ ಜೈಲಿನ ನೌಕರನಿಗೆ ಹೇಳುವಾಗ ಧರ್ಮಶಾಸ್ತ್ರಿಗಳು ತನಗೆ ಅಪ್ಪಣೆ ಕೊಡುವರೆಂದು ಆಶಿಸಿ ಬೆಂಥಾಮನು ಒಂದು ಕ್ಷಣ ಸಂಕೋಚಪಟ್ಟನು. ಆ ಸಂಕೋಚವೂ ಇಲ್ಲದೆ ನಾವು ಅದೇ ಪದವಿಯನ್ನು ಚದರಡಿಯ ಲೆಕ್ಕದಲ್ಲಿ ಕೊಂಡು ತರುತ್ತೇವೆ.

ಈ ಪ್ರಶ್ನೆಯನ್ನು ಗುಜರಾತಿನ ನೆಲದಲ್ಲಿ ನಿಂತು ಕೇಳುವುದಕ್ಕೆ ವಿಶೇಷವಾದ ಕಾರಣವೊಂದಿದೆ. ನೆರೆಯವನ ಒಳಮನೆಯತ್ತ ಹೊಸ ಕಿಟಕಿಯನ್ನು ತೆರೆಯುವುದು ಆ ನಾಡಿನ ರೂಢಿಗೆ ವಿರುದ್ಧವಾದ, ದಾವೆಗೆ ಯೋಗ್ಯವಾದ ತಪ್ಪೆಂಬುದನ್ನು ಬಾಂಬೆ ಹೈಕೋರ್ಟು 1860ರ ದಶಕದಷ್ಟು ಹಿಂದೆಯೇ ಅಂಗೀಕರಿಸಿತ್ತು. ಇಂಗ್ಲೆಂಡಿನ ಕಾಯಿದೆಯಲ್ಲಿ ಇಂಥ ಹಕ್ಕು ಇರಲಿಲ್ಲವೆಂಬುದನ್ನು ಬಲ್ಲ ಆಂಗ್ಲ ನ್ಯಾಯಾಧೀಶರೇ ಇದನ್ನು ಎತ್ತಿಹಿಡಿದದ್ದು ಗಮನಾರ್ಹ. 1888ರಲ್ಲಿ ಅಲಹಾಬಾದಿನ ಹೈಕೋರ್ಟು ಉತ್ತರದ ಪ್ರಾಂತಗಳಲ್ಲಿಯೂ ಇಂಥದೇ ರೂಢಿಯನ್ನು ಮನ್ನಿಸಿತು. 1882ರ ಭಾರತೀಯ ಈಸ್‌ಮೆಂಟ್ ಅಧಿನಿಯಮವು ಮೊದಲಿಗೆ ಮದರಾಸು, ಮಧ್ಯಪ್ರಾಂತ, ಕೊಡಗುಗಳಿಗೂ, 1891ರಲ್ಲಿ ಮುಂಬಯಿ ಪ್ರಾಂತಕ್ಕೂ ಅನ್ವಯಿಸಲ್ಪಟ್ಟಿತು. ಅದರ 18ನೆಯ ಕಲಮಿನ ನಿದರ್ಶನವೊಂದರಲ್ಲಿ ಇದೇ ಕಿಟಕಿಯ ವಿಚಾರ ಬರುತ್ತದೆ: ಇಂಥ ರೂಢಿಯಿರುವ ಪಟ್ಟಣದಲ್ಲಿ ಒಬ್ಬನು ಮನೆ ಕಟ್ಟಿದರೆ, ಸಾಮಾನ್ಯವಾಗಿ ಪರರ ಕಣ್ಣಿಗೆ ಬೀಳದ ಅವನ ಮನೆಯ ಭಾಗಗಳನ್ನು ನೋಡುವಂತೆ ನೆರೆಯವನು ಹೊಸ ಕಿಟಕಿ ತೆರೆಯಕೂಡದು; ಅಂತೆಯೇ ನೆರೆಯವನ ಮನೆಯ ವಿಷಯದಲ್ಲಿ ಇವನೂ ತೆರೆಯಕೂಡದು. ಈ ನಿಯಮದಲ್ಲಿ ಎರಡು ಸಂಗತಿಗಳು ನನ್ನನ್ನು ಬಹುವಾಗಿ ಆಕರ್ಷಿಸುತ್ತವೆ. ಬಂಧನವು ಪರಸ್ಪರವಾದುದೆಂಬುದು ಒಂದು. ಮತ್ತು ಭಾರವೆಲ್ಲವೂ ನೋಡುವವನ ಮೇಲಿದೆ, ನೋಡಿಸಿಕೊಳ್ಳುವವನ ಮೇಲಲ್ಲ.

ಫಿಲ್ಮಿನ ಯುಗವು ಈ ಭಾರವನ್ನು ತಿರುಗುಮುರುಗು ಮಾಡಿದೆ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲಿನ ನಿಯೋ ಬ್ಯಾಂಕ್‌ಸೈಡ್ ಎಂಬ ಗಾಜಿನ ಗೋಡೆಗಳ ವಸತಿಕಟ್ಟಡದ ಎದುರಿಗೆ ಟೇಟ್ ಮಾಡರ್ನ್ ಕಲಾಸಂಗ್ರಹಾಲಯವು 2016ರಲ್ಲಿ ವೀಕ್ಷಣೆಯ ಜಗಲಿಯೊಂದನ್ನು ತೆರೆದಾಗ, ಸಹಸ್ರಾರು ಪ್ರವಾಸಿಗಳು ಆ ಮನೆಗಳೊಳಗೆ ಇಣುಕಿ ಚಿತ್ರ ತೆಗೆಯಲಾರಂಭಿಸಿದರು. ನಿವಾಸಿಗಳು ನ್ಯಾಯಾಲಯವನ್ನು ಮೊರೆಹೊಕ್ಕರು. 2019ರಲ್ಲಿ ಅಲ್ಲಿನ ಹೈಕೋರ್ಟು ಅವರ ದಾವೆಯನ್ನು ವಜಾ ಮಾಡುತ್ತ, ಪರದೆ ಇಳಿಬಿಡಬಹುದು, ಗಾಜಿಗೆ ಫಿಲ್ಮ್ ಅಂಟಿಸಬಹುದು ಎಂಬಂಥ ಉಪಾಯಗಳನ್ನು ಅವರಿಗೇ ಸೂಚಿಸಿತು. 2023ರ ಫೆಬ್ರವರಿ 1ರಂದು ಸುಪ್ರೀಂ ಕೋರ್ಟು ಮೂವರ ಬಹುಮತದಿಂದ, ಇಬ್ಬರ ಭಿನ್ನಮತದೊಡನೆ, ಆ ತೀರ್ಪನ್ನು ತಿರುವಿಹಾಕಿ, ಉಪದ್ರವಕ್ಕೊಳಗಾದವನು ತನ್ನನ್ನು ತಾನು ಮುಚ್ಚಿಕೊಳ್ಳಬಹುದೆಂಬುದು ಉಪದ್ರವ ಮಾಡಿದವನಿಗೆ ಸಮಾಧಾನವಾಗದೆಂದು ಸಾರಿತು. ಹಳೆಯ ಗುಜರಾತಿನ ಮಹಾಜನರು ಈ ತೀರ್ಪನ್ನು ಓದಿದ್ದರೆ ಇದಕ್ಕೆ ಇಷ್ಟು ದೊಡ್ಡ ನ್ಯಾಯಾಸ್ಥಾನವೇಕೆ ಬೇಕಾಯಿತೆಂದು ಆಶ್ಚರ್ಯಪಟ್ಟಾರು.

ಆ ರೂಢಿಯನ್ನು ಹೊಗಳುವಷ್ಟಕ್ಕೇ ನಿಲ್ಲುವುದು ಪ್ರಾಮಾಣಿಕವಾಗದು. ಅದು ಕಾಪಾಡಿದುದು ಮುಖ್ಯವಾಗಿ ಅಂತಃಪುರವನ್ನು, ಹೆಂಗಸರ ಪರದೆಯನ್ನು. ಯಾರ ಏಕಾಂತವೆಂದು ನ್ಯಾಯಾಲಯಗಳು ಬರೆದವೋ ಆ ಸ್ತ್ರೀಯರನ್ನು ಅವರ ಇಷ್ಟವೇನೆಂದು ಯಾರೂ ಕೇಳಿದಂತಿಲ್ಲ. ಹಾಗೆ ಒಳಗಿರಿಸಲ್ಪಟ್ಟವರಿಗೆ ಲೋಕವನ್ನು ಕಾಣಲು ಉಳಿದಿದ್ದ ದಾರಿಯೆಂದರೆ ಜಾಲಿ, ಎಂದರೆ ಕೆತ್ತನೆಯ ಜಾಲಂಧ್ರ. ಅಹಮದಾಬಾದಿನ ಸೀದೀ ಸಯ್ಯದ್ ಮಸೀದಿಯಲ್ಲಿ 1573ರ ಸುಮಾರಿಗೆ ಕಲ್ಲಿನಲ್ಲಿ ಮರವನ್ನೇ ಹೆಣೆದಂತೆ ಕಡೆದ ಜಾಲಿ ಜಗತ್ಪ್ರಸಿದ್ಧವಾದುದು. ನಮ್ಮ ಬೇಲೂರಿನಲ್ಲಿಯೂ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ನವರಂಗಕ್ಕೆ ಜಾಲಂಧ್ರಗಳು ಸೇರಿದವು. ಅವು ಪೂಜೆಯ ಸ್ಥಳಗಳ ಅಲಂಕಾರಗಳಾದವು. ಮನೆಗಳ ಝರೋಖಾಗಳೆಂಬ ಚಾಚುಕಿಟಕಿಗಳಲ್ಲಿ ಅದೇ ಶಿಲ್ಪವು, ಒಳಗೆ ಮಬ್ಬು ಹೊರಗೆ ಬಿಸಿಲೆಂಬ ಅದೇ ತತ್ತ್ವದಿಂದ, ಇಂದಿನ ಕನ್ನಡಿಯ ಫಿಲ್ಮಿನ ಕೆಲಸವನ್ನೇ ಮಾಡಿತು. ಜಾಲಿಯ ಹಿಂದಿನ ಹೆಣ್ಣೂ ಕಾಣಿಸಿಕೊಳ್ಳದೆ ಕಂಡವಳೇ. ಅವಳನ್ನು ಬೆಂಥಾಮನ ಕಾವಲುಗಾರನೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ನನ್ನ ಮನಸ್ಸು ಒಪ್ಪದು. ಕಂಡದ್ದನ್ನು ಕಾಣಿಸಿಕೊಂಡವರ ವಿರುದ್ಧ ಬಳಸುವ ಶಕ್ತಿ ಅವನಿಗಿತ್ತು. ಇವಳಿಗೆ ಬೀದಿಗಿಳಿಯುವ ಶಕ್ತಿಯೂ ಇರಲಿಲ್ಲ. ಆದ್ದರಿಂದ ಸಾಕ್ಷಿಯ ಪದವಿಯನ್ನು ಕುರಿತು ಮೇಲೆ ಹೇಳಿದ ಮಾತನ್ನು, ಸಮಬಲರಾದ ನೆರೆಯವರಿಗೆ ಮಾತ್ರ ಅನ್ವಯವಾಗುವಂತೆ ಸಂಕೋಚಗೊಳಿಸಬೇಕು.

ಹೆಣ್ಣು ತನ್ನ ಮರೆಯನ್ನು ತಾನೇ ನಿರ್ಣಯಿಸಿದ ಉದಾಹರಣೆ ನಮ್ಮಲ್ಲಿಯೇ ಉಂಟು. ಉಡುಗೆಯನ್ನು ತೊರೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು, ಎಲ್ಲವನ್ನೂ ಬಿಟ್ಟವಳಿಗೆ ಕೂದಲ ಮರೆಯೇಕೆಂದು ಅಲ್ಲಮನು ಕೇಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ತನಗೆ ನಾಚಿಕೆಯೆಂದು ಅವಳು ಹೇಳಲಿಲ್ಲ. ನೋಡುವ ನಿಮಗೆ ನೋವಾದೀತೆಂಬ ಅಭಿಪ್ರಾಯದ ಉತ್ತರ ಕೊಟ್ಟಳು. ಮರೆಯು ನೋಡುವವನ ರೋಗಕ್ಕೆ ಔಷಧವೆಂಬ ಈ ಮಾತಿನಲ್ಲಿ ಅನುಭವಮಂಟಪದ ಹಿರಿಯರಿಗೇ ಸಣ್ಣದೊಂದು ಚುಚ್ಚು ಇದೆಯೆಂದು ನನಗೆ ಯಾವಾಗಲೂ ತೋರಿದೆ.

ಗಣರಾಜ್ಯದ ಕಾಯಿದೆಯು ಈ ತತ್ತ್ವಕ್ಕೆ ತಡವಾಗಿ ಬಂದಿತು. ನಮ್ಮ ಸುಪ್ರೀಂ ಕೋರ್ಟು 2012ರ ಏಪ್ರಿಲಿನಲ್ಲಿ ಮೋಟಾರುಗಳ ಗಾಜಿನ ಕಪ್ಪು ಫಿಲ್ಮನ್ನು ನಿಷೇಧಿಸಿದುದು ಮನೆಯ ಕಿಟಕಿಗೆ ಅನ್ವಯಿಸದು. ಸಾರ್ವಜನಿಕ ರಸ್ತೆಯಲ್ಲಿ ಓಡುವ ಗಾಡಿಗೂ ಉಂಡು ಮಲಗುವ ಮನೆಗೂ ಇರುವ ಅಂತರ ಅಷ್ಟು ಸೂಕ್ಷ್ಮವಾದುದಲ್ಲ. ಅದೇ 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯಿಂದ ಹೊರಟ ವಿಚಾರವು, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರುವುದರಲ್ಲಿ ಮುಗಿಯಿತು. ಆದರೆ ಅದು ಮುಖ್ಯವಾಗಿ ಪ್ರಭುತ್ವದ ಕಣ್ಣಿಗೆ ಕಟ್ಟಿದ ಕಟ್ಟು. ಎದುರಿನ ಮಹಡಿಯ ನೆರೆಯವನ ಕಣ್ಣು ಹಿಂದಿನಂತೆಯೇ ಅವನವನ ಸಂಸ್ಕಾರಕ್ಕೆ ಬಿಟ್ಟದ್ದು.

ಹಾಗಾದರೆ ವರಾಛಾದ ಗೃಹಸ್ಥನು ಏನನ್ನು ಕೊಳ್ಳಬೇಕು? ಎದುರು ಮನೆಗೆ ನೇರವಾಗಿ ತೆರೆದ ಕಿಟಕಿಗೆ, ನನ್ನ ಮತದಲ್ಲಿ, ಮಸಕು ಫಿಲ್ಮೇ ಯೋಗ್ಯ. ಅದೂ ಗಾಜಿನ ಪೂರ್ತಿ ಎತ್ತರಕ್ಕಲ್ಲ. ಕುಳಿತವರ ತಲೆ ಮರೆಯಾಗುವಷ್ಟು ಕೆಳಗಿನ ಭಾಗಕ್ಕೆ ಅಂಟಿಸಿದರೆ, ಆಕಾಶವೂ ಬೆಳಕೂ ಉಳಿಯುತ್ತವೆ, ಉಣ್ಣುವವರಿಗೆ ಏಕಾಂತವೂ ದೊರೆಯುತ್ತದೆ, ಎದುರಿನವರನ್ನು ನೋಡಬೇಕೆಂದು ಎದ್ದು ನಿಂತವನು ತಾನೂ ಅವರಿಗೆ ಕಾಣಿಸಿಕೊಂಡೇ ನೋಡಬೇಕಾಗುತ್ತದೆ. ರಾತ್ರಿ ದೀಪ ಹೊತ್ತಿದಾಗಲೂ ಇದು ಕೈಕೊಡದು. ಕೆಳಗಿನ ಅಂಗಳದಲ್ಲಿ ಆಡುವ ಮಗುವಿನ ಮೇಲೆ ತಾಯಿಯು ಅಡುಗೆಯ ನಡುವೆ ಕಣ್ಣಿಡುವ ಕಿಟಕಿಗೆ, ಅಥವಾ ಮೇಲ್ಸೇತುವೆಯ ವಾಹನಗಳಿಗೆ ಎದುರಾದ ಕಿಟಕಿಗೆ, ಕನ್ನಡಿಯ ಫಿಲ್ಮನ್ನೇ ಹಾಕಲಿ. ಸಂಜೆಗೆ ಒಂದು ಬಟ್ಟೆಯ ಪರದೆ ಜೊತೆಗಿದ್ದರಾಯಿತು. ಇಲ್ಲಿ ನಾನು ತತ್ತ್ವವನ್ನು ಸಡಿಲಿಸುತ್ತಿದ್ದೇನೆಂದು ಹೇಳುವವರಿಗೆ, ಆ ತಾಯಿಯನ್ನು ಕೇಳಿ ಬನ್ನಿರೆಂದಷ್ಟೇ ಹೇಳಬಲ್ಲೆ.

ಇನ್ನು ಖರ್ಚಿನ ಮಾತು. ಹಳೆಯ ಎರಡಂತಸ್ತಿನ ಮನೆಯನ್ನು ಕೆಡವಿದ ಜಾಗದಲ್ಲಿ ಐದಾರು ಮಹಡಿ ಎದ್ದು ಕಿಟಕಿಗಳು ತೆರೆದುಕೊಂಡಾಗ, ಫಿಲ್ಮಿನ ಅಂಗಡಿಗೆ ಹೋಗುವವನು ಪಕ್ಕದ ಹಳೆಯ ನಿವಾಸಿಯೇ. ಹಣವೂ ಅವನದೇ, ಮುಚ್ಚಿಹೋಗುವ ಬೆಳಕೂ ಅವನದೇ. ಗುಜರಾತಿನ ಹಿಂದಿನ ರೂಢಿಯ ಪ್ರಕಾರ ಆ ಅಂಗಡಿಗೆ ಹೋಗಬೇಕಾದವನು ಹೊಸ ಕಿಟಕಿಯನ್ನು ತೆರೆದವನು, ಮತ್ತು ಆ ಫಿಲ್ಮು ಅಂಟಬೇಕಾದುದು ಅವನ ಗಾಜಿಗೆ.