ಉಪವಾಸವೂ ದೇಹದ ರಕ್ಷಣಾಶಕ್ತಿಯೂ



ದಶಲಕ್ಷಣ ಪರ್ವವು ಸಮೀಪಿಸಿದಂತೆ ನಮ್ಮ ಬಸದಿಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ: “ಉಪವಾಸ ಮಾಡಿದರೆ ರೋಗನಿರೋಧಕ ಶಕ್ತಿ ಹೆಚ್ಚುವುದಂತೆ, ನಿಜವೇ?” ಕೇಳುವವರಲ್ಲಿ ತರುಣರೇ ಅಧಿಕ. ನೋಂಪಿ ಹಿಡಿಯಲು ಶ್ರದ್ಧೆಯೊಂದೇ ಸಾಲದು, ವೈದ್ಯಶಾಸ್ತ್ರದ ಮುದ್ರೆಯೂ ಬೇಕೆನ್ನುವ ಕಾಲವಿದು. ಪ್ರಶ್ನೆ ಸಣ್ಣದಲ್ಲ. ಇದನ್ನು ನಂಬಿ ಕ್ಷಯಕ್ಕೆ ಔಷಧಿ ಸೇವಿಸುತ್ತಿರುವವರೂ, ಇನ್ಸುಲಿನ್ ಚುಚ್ಚಿಕೊಳ್ಳುವವರೂ ನಿರಾಹಾರಕ್ಕೆ ಕುಳಿತುಬಿಡುವುದುಂಟು. ಆದುದರಿಂದ ಆ ಶಕ್ತಿಯೆಂದರೇನೆಂಬುದನ್ನು ಮೊದಲು ತಿಳಿದು, ಅನಂತರ ಆಗಮದ ಮಾತಿಗೆ ಬರೋಣ.

ದೇಹಕ್ಕೆ ಹೊರಗಿನ ಕೋಟೆ ಚರ್ಮ. ಕಣ್ಣೀರು, ಜೊಲ್ಲು, ಮೂಗಿನ ಲೋಳೆ, ಜಠರದ ಆಮ್ಲ ಇವು ಆ ಕೋಟೆಯ ಕಾವಲು. ಇವನ್ನು ದಾಟಿ ಒಳನುಗ್ಗಿದ ರೋಗಾಣುವನ್ನು ಎದುರಿಸುವವು ಬಿಳಿಯ ರಕ್ತಕಣಗಳು. ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟುವ ಇವು ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000ದವರೆಗೆ ಇರುತ್ತವೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ರಷ್ಯದ ವಿಜ್ಞಾನಿ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಯೊಂದಕ್ಕೆ ಗುಲಾಬಿಯ ಮುಳ್ಳು ಚುಚ್ಚಿ ನೋಡಿದನು. ಮರುದಿನ ಬೆಳಿಗ್ಗೆ ಆ ಮುಳ್ಳಿನ ಸುತ್ತ ಜೀವಕಣಗಳು ಮುತ್ತಿಕೊಂಡಿದ್ದವು. ಕಿರುಜೀವಿಯನ್ನು ನೋಯಿಸಿ ಪಡೆದ ಅರಿವು ನಮಗೆ ಹಿತವೆನಿಸದು. ಆದರೂ ಕಂಡ ಸಂಗತಿ ಸುಳ್ಳಾಗದು. 1908ರ ನೊಬೆಲ್ ಪಾರಿತೋಷಕವನ್ನು ಆತನೂ ಎರ್ಲಿಕ್ ಎಂಬ ಜರ್ಮನ್ ವಿದ್ವಾಂಸನೂ ಹಂಚಿಕೊಂಡರು.

ಈ ರಕ್ಷಣೆಗೆ ನೆನಪೂ ಉಂಟು. ಉತ್ತರದ ಕಡಲಿನ ಫಾರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಹಬ್ಬಿತ್ತು. ಅನಂತರ 65 ವರ್ಷ ಅದರ ಸುಳಿವಿಲ್ಲ. 1846ರಲ್ಲಿ ಮತ್ತೆ ಬಂದಾಗ ಸುಮಾರು 7,800 ಜನರಲ್ಲಿ 6,000ಕ್ಕೂ ಮೇಲ್ಪಟ್ಟವರು ಹಾಸಿಗೆ ಹಿಡಿದರು. ಬಾಲ್ಯದಲ್ಲಿ ಒಮ್ಮೆ ದಡಾರವನ್ನು ಕಂಡಿದ್ದ ಮುದುಕರನ್ನು ಮಾತ್ರ ಅದು ಮುಟ್ಟಲಿಲ್ಲವೆಂದು ಪಾನುಮ್ ಎಂಬ ತರುಣ ವೈದ್ಯನು ಬರೆದಿಟ್ಟನು. ರೋಗವನ್ನು ಅನುಭವಿಸದೆಯೇ ಅದರ ನೆನಪನ್ನು ದೇಹಕ್ಕೆ ಕೊಡುವುದೇ ಲಸಿಕೆ. 1796ರಲ್ಲಿ ಜೆನ್ನರ್ ಗೋಸಿಡುಬಿನ ಕೀವಿನಿಂದ ಆರಂಭಿಸಿದ ಈ ಮಾರ್ಗದಿಂದ ಸಿಡುಬೆಂಬ ಮಾರಿಯು ಲೋಕದಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು.

ಇನ್ನು ಮುಖ್ಯವಾದುದು. ಈ ವ್ಯವಸ್ಥೆಯ ಕೆಲಸವೆಲ್ಲ ನಿಂತಿರುವುದು ತನ್ನದು ಯಾವುದು, ಪರದು ಯಾವುದು ಎಂಬ ವಿವೇಕದ ಮೇಲೆ. ಆ ವಿವೇಕ ಕೆಟ್ಟಾಗ ಅದು ತನ್ನ ದೇಹವನ್ನೇ ಕಡಿಯತೊಡಗುತ್ತದೆ. ಎಳೆಯರಿಗೆ ಹೆಚ್ಚಾಗಿ ಬರುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಜೀವಕಣಗಳನ್ನೂ, ಕೀಲುಗಳು ಬಾತು ಸೊಟ್ಟಗಾಗುವ ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನ ಪೊರೆಯನ್ನೂ ನಾಶ ಮಾಡುವುದು ಹೊರಗಿನ ಶತ್ರುವಲ್ಲ, ನಮ್ಮ ಕಾವಲುಗಾರನೇ. ಹೂವಿನ ಪರಾಗಕ್ಕೆ ಸೀನು, ನೆಲಗಡಲೆಗೆ ದದ್ದು ಇವೂ ಇದೇ ಅತಿರೇಕಗಳು. ಎದುರಿಗೆ ಏಡ್ಸ್ ಇದೆ. ಅಲ್ಲಿ ಕಾವಲುಗಾರನೇ ಸಾಯುತ್ತಾನೆ. ಹೀಗಿರಲು “ಶಕ್ತಿ ಹೆಚ್ಚಲಿ” ಎಂಬ ಬಯಕೆಯೇ ಸರಿಯಾದುದಲ್ಲ. ಹೆಚ್ಚೂ ರೋಗ, ಕಡಿಮೆಯೂ ರೋಗ. ಹಿತಮಿತವಾದ ನಡೆಯೇ ಆರೋಗ್ಯ.

ಸ್ವ-ಪರ ಎಂದೊಡನೆ ನಮ್ಮ ಸ್ವಾಧ್ಯಾಯಿಗಳಿಗೆ ಭೇದವಿಜ್ಞಾನವು ನೆನಪಾಗುವುದು ಸಹಜ. ಉಪಮೆ ಸೊಗಸಾಗಿದೆ, ಆದರೆ ತಿರುಗುಮುರುಗಾಗಿದೆ. ದೇಹವು ಯಾವುದನ್ನು “ನಾನು” ಎಂದು ಕಾಯುತ್ತದೆಯೋ ಅದೆಲ್ಲವೂ ಆತ್ಮನಿಗೆ ಪರವೇ. ಬಿಳಿಯ ರಕ್ತಕಣವನ್ನು ಸಂವರವೆಂದು ಕರೆದು ಚಪ್ಪಾಳೆ ಗಿಟ್ಟಿಸುವ ಪ್ರವಚನಗಳನ್ನು ನಾನು ಕೇಳಿದ್ದೇನೆ. ಸಂವರವು ಕರ್ಮದ ಬಾಗಿಲನ್ನು ಮುಚ್ಚುತ್ತದೆ, ಯಾರನ್ನೂ ಕೊಲ್ಲುವುದಿಲ್ಲ.

ಕೊಲ್ಲುವ ಮಾತು ಬಂದುದರಿಂದ, ಒಬ್ಬ ಶ್ರಾವಿಕೆ ಕೇಳಿದ ಸಂದೇಹವನ್ನೂ ಹೇಳಬೇಕು. ನಮ್ಮೊಳಗೆ ಕ್ಷಣಕ್ಷಣಕ್ಕೂ ಅಸಂಖ್ಯ ಸೂಕ್ಷ್ಮಜೀವಿಗಳು ಸಾಯುತ್ತಿದ್ದರೆ ಅಹಿಂಸಾವ್ರತ ಉಳಿಯುವುದು ಹೇಗೆ? ಪ್ರಮಾದದಿಂದ, ಕಷಾಯದಿಂದ ಪ್ರಾಣವನ್ನು ನೋಯಿಸುವುದೇ ಹಿಂಸೆ ಎಂಬುದು ಆಗಮದ ನಿಲುವು. ನಿದ್ರೆಯಲ್ಲಿಯೂ ನಡೆಯುವ ದೇಹದ ಈ ವ್ಯಾಪಾರದಲ್ಲಿ ನಮ್ಮ ಸಂಕಲ್ಪವೇ ಇಲ್ಲ. ಲಸಿಕೆಯಲ್ಲಿ ಸಂಕಲ್ಪ ಉಂಟು ನಿಜ. ಅದು ಮಗುವಿನ ಪ್ರಾಣರಕ್ಷಣೆಯದು. ಗೃಹಸ್ಥನು ಬಿಟ್ಟಿರುವುದು ಸಂಕಲ್ಪೀ ಹಿಂಸೆಯನ್ನು. ವಿರೋಧೀ ಹಿಂಸೆಯನ್ನು ಪೂರ್ಣವಾಗಿ ಬಿಡುವುದು ಮುನಿಧರ್ಮ. ಮಗುವಿಗೆ ಲಸಿಕೆ ಹಾಕಿಸಲು ವ್ರತದ ನೆಪವೊಡ್ಡಿ ಹಿಂಜರಿಯಬೇಕಿಲ್ಲ.

ಈಗ ಉಪವಾಸಕ್ಕೆ ಬರೋಣ. “ಲಂಘನಂ ಪರಮೌಷಧಂ” ಎಂಬ ಮಾತು ಎಲ್ಲರ ನಾಲಗೆಯ ಮೇಲೂ ಇದೆ. 2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗವು ಈ ಮಾತಿಗೆ ಗಡಿ ಹಾಕಿತು. ಒಂದು ಬಗೆಯ ಬ್ಯಾಕ್ಟೀರಿಯಾ ಸೋಂಕಿದ ಇಲಿಗಳಿಗೆ ಒತ್ತಾಯದಿಂದ ಗ್ಲೂಕೋಸ್ ಉಣಿಸಿದಾಗ ಅವು ಸತ್ತವು. ಇನ್‌ಫ್ಲುಯೆಂಜಾ ವೈರಸ್ ಸೋಂಕಿದವುಗಳನ್ನು ಅದೇ ಗ್ಲೂಕೋಸ್ ಕಾಪಾಡಿತು. ಅದು ದೇಹಕ್ಕೆ ದಕ್ಕದಂತೆ ತಡೆದಾಗ ಸತ್ತವು. ಒಂದೇ ಲಂಘನವು ಒಂದು ರೋಗದಲ್ಲಿ ಔಷಧ, ಇನ್ನೊಂದರಲ್ಲಿ ವಿಷ. 2019ರಲ್ಲಿ ತಿಳಿದುಬಂದ ಸಂಗತಿ ಮತ್ತೊಂದು: ಸ್ವಲ್ಪ ಕಾಲ ಊಟ ಬಿಟ್ಟಾಗ ಉರಿಯೂತಕ್ಕೆ ಕಾರಣವಾಗುವ ಕೆಲವು ಬಿಳಿಯ ಕಣಗಳು ರಕ್ತದಲ್ಲಿ ಕಡಿಮೆಯಾಗುತ್ತವೆ. ಜೀವಕಣವು ತನ್ನೊಳಗಿನ ಕಸವನ್ನು ತಾನೇ ಕರಗಿಸಿಕೊಳ್ಳುವ ಬಗೆಯನ್ನು ಬಿಡಿಸಿ 2016ರ ನೊಬೆಲ್ ಪಡೆದ ಜಪಾನಿನ ಓಸುಮಿಯವರು ಅದನ್ನು ಕಂಡುದು ಯೀಸ್ಟ್‌ನಲ್ಲಿ. ಅವರ ಹೆಸರು ಹೇಳಿ “ಹತ್ತು ದಿನದ ಉಪವಾಸಕ್ಕೆ ನೊಬೆಲ್ ಬಂದಿದೆ” ಎನ್ನುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ.

ದೀರ್ಘಕಾಲದ ಅರೆಹೊಟ್ಟೆಯ ಕಥೆಯೇ ಬೇರೆ. ಕ್ಷಯದ ರೋಗಾಣು ದೇಹವನ್ನು ಹೊಕ್ಕ ನೂರು ಜನರಲ್ಲಿ ರೋಗಿಗಳಾಗುವವರು ಜೀವಮಾನದಲ್ಲಿ ಸುಮಾರು 5ರಿಂದ 10 ಮಂದಿ. ಉಳಿದವರಲ್ಲಿ ರಕ್ಷಣಾಶಕ್ತಿ ಅದನ್ನು ಅದುಮಿಡುತ್ತದೆ. ಅನ್ನ ಸಾಲದ ಮೈಯಲ್ಲಿ ಆ ಹಿಡಿತ ಸಡಿಲುತ್ತದೆ. ಝಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಮಂದಿಗೆ ತಿಂಗಳು ತಿಂಗಳು ಅಕ್ಕಿ ಬೇಳೆ ಮೊದಲಾದುವನ್ನು ಕೊಟ್ಟು ನೋಡಿದರು. ಅಂಥ ಮನೆಗಳಲ್ಲಿ ಹೊಸದಾಗಿ ರೋಗ ತಗಲುವುದು ನೂರಕ್ಕೆ ಸುಮಾರು 40ರಷ್ಟು ತಗ್ಗಿತೆಂದು 2023ರಲ್ಲಿ ಪ್ರಕಟವಾಯಿತು. ಆಹಾರದಾನವನ್ನೂ ಔಷಧದಾನವನ್ನೂ ನಮ್ಮ ಹಿರಿಯರು ಅಕ್ಕಪಕ್ಕದಲ್ಲಿ ಎಣಿಸಿದ್ದರು. ಇಲ್ಲಿ ಎರಡೂ ಒಂದೇ ಆಗಿವೆ.

ಇಷ್ಟೆಲ್ಲ ಹೇಳಿದರೂ ಮೂಲಪ್ರಶ್ನೆಗೆ ನನ್ನ ಉತ್ತರ ಬೇರೆ. ಉಪವಾಸವು ನಿರ್ಜರೆಗಾಗಿ, ಇಚ್ಛೆಯ ನಿರೋಧಕ್ಕಾಗಿ. ಫಲವನ್ನು ಬಯಸಿ ಮಾಡುವ ತಪಸ್ಸಿನ ಮೇಲೆ ನಿದಾನಶಲ್ಯದ ನೆರಳು ಬೀಳುತ್ತದೆ. ಶಲ್ಯವುಳ್ಳವನು ವ್ರತಿಯೇ ಅಲ್ಲ. ಮೈಯ ಬಲಕ್ಕಾಗಿ ಊಟ ಬಿಡುವುದು ಪಥ್ಯವಾದೀತು. ಅದಕ್ಕೆ ವೈದ್ಯರನ್ನು ಕೇಳಿರಿ, ಬಸದಿಗೆ ಬಂದು ಪ್ರತ್ಯಾಖ್ಯಾನ ಬೇಡುವ ಅಗತ್ಯವಿಲ್ಲ.

ಹಾಗಾದರೆ ರೋಗಿಗೆ ಪರ್ವವೇ ಇಲ್ಲವೇ? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ “ಶಕ್ತಿತಃ” ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂ ಬಾರದು. ಆರು ಬಾಹ್ಯ ತಪಗಳಲ್ಲಿ ಅನಶನವು ಒಂದು ಮಾತ್ರ. ಒಂದು ರಸವನ್ನು ಬಿಡುವುದು, ತುತ್ತುಗಳನ್ನು ಕಡಿಮೆ ಮಾಡುವುದು ಇವೂ ತಪಸ್ಸೇ. ಇನ್ಸುಲಿನ್ ತೆಗೆದುಕೊಳ್ಳುವವರು ಇಷ್ಟನ್ನು ಹಿಡಿಯುವುದಕ್ಕೂ ಮೊದಲು ವೈದ್ಯರ ಅಪ್ಪಣೆ ಪಡೆಯಬೇಕು. ಅದೂ ಸಲ್ಲದವರಿಗೆ ಸ್ವಾಧ್ಯಾಯವಿದೆ. ಅವರ ಶುಶ್ರೂಷೆ ಮಾಡುವವರಿಗೆ ವೈಯಾವೃತ್ತ್ಯವಿದೆ. ರೋಗವನ್ನು ಸಹಿಸುವುದು 22 ಪರೀಷಹಗಳಲ್ಲಿ ಒಂದೆಂಬುದು ನಿಜ, ಆದರೆ ಅದು ಔಷಧವನ್ನು ನಿಷೇಧಿಸುವ ವಾಕ್ಯವಲ್ಲ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿದರು.

ಸಮಂತಭದ್ರಾಚಾರ್ಯರ ಕಥೆಯನ್ನು ಬಲ್ಲವರು ಇಲ್ಲಿ ಅನೇಕರಿದ್ದೀರಿ. ತಿಂದುದೆಲ್ಲ ಉರಿದುಹೋಗುವ ಭಸ್ಮಕವ್ಯಾಧಿಯು ಅವರನ್ನು ಹಿಡಿಯಿತು. ಮುನಿಯ ಮಿತಾಹಾರದಿಂದ ಅದು ಶಮನವಾಗುವಂತಿರಲಿಲ್ಲ. ಸಲ್ಲೇಖನಕ್ಕೆ ಅನುಮತಿ ಬೇಡಿದರು, ಗುರುಗಳು ಕೊಡಲಿಲ್ಲ. ಈತನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿನ್ನೂ ಇದೆಯೆಂದು ತಿಳಿದು, ಮುನಿವೇಷವನ್ನಿಳಿಸಿ ಹೊಟ್ಟೆತುಂಬ ಉಂಡು ರೋಗವನ್ನು ಕಳೆದುಕೊಳ್ಳುವಂತೆ ಆಜ್ಞಾಪಿಸಿದರು. ಶಿಷ್ಯರು ಹಾಗೆಯೇ ಮಾಡಿದರು. ವ್ಯಾಧಿ ಇಳಿದ ಮೇಲೆ ಮರಳಿ ಬಂದು ಪುನಃ ದೀಕ್ಷೆಯನ್ನು ಪಡೆದರು.