ಗದಗೋ ರೋಣವೋ

ಭೀಮಸೇನ ಜೋಶಿಯವರ ಜೀವನಚರಿತ್ರೆ ಕನ್ನಡ ವಿಕಿಪೀಡಿಯದಲ್ಲೂ ಇದೆ, ಮರಾಠಿ ವಿಕಿಪೀಡಿಯದಲ್ಲೂ ಇದೆ. ಎರಡೂ ವಿಶ್ವಕೋಶಗಳು ಶುರುವಾದದ್ದು 2003ರಲ್ಲೇ. ಬೇರೆ ಬೇರೆ ಊರುಗಳಲ್ಲಿ ಕುಳಿತ ಬೇರೆ ಬೇರೆ ಕೈಗಳು ತಮ್ಮ ತಮ್ಮ ಓದುಗರಿಗಾಗಿ ಕಟ್ಟಿದ ಪುಟಗಳಿವು. ಬೆಂಗಳೂರಿನವರು ಒಂದನ್ನು ಓದುತ್ತಾರೆ, ಪುಣೆಯವರು ಇನ್ನೊಂದನ್ನು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಬಲ್ಲವರು ಯಾರಾದರೂ ಇದ್ದರೆ ಅವರು ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕನ್ನಡದ ಮನೆಗಳವರು. ಮನೆಮಾತು ಕನ್ನಡ, ಸಾಲಿ ಮರಾಠಿ. ಕನ್ನಡ ಲಿಪಿ ಕಲಿಯದೆ ಹೋದವರೂ ಅವರಲ್ಲಿ ಇದ್ದಾರೆ. ಆದರೆ ಕಲಿತ ಒಬ್ಬ ಹುಡುಗನೋ ಹುಡುಗಿಯೋ ಈ ಎರಡು ಪುಟಗಳ ನಡುವೆ ಕುಳಿತರೆ ಬೆಂಗಳೂರಿಗೂ ಪುಣೆಗೂ ಕಾಣದ್ದು ಅವರಿಗೆ ಕಾಣುತ್ತದೆ.

ಏನದು? ಬರೆಯದೆ ಬಿಟ್ಟದ್ದು.

ಜೋಶಿಯವರ ಬದುಕನ್ನು ಎರಡು ಕಡೆಯಿಂದಲೂ ಹೇಳಬಹುದು. ಕನ್ನಡದವರಿಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ವರ್ಷಗಳು ಹತ್ತಿರ; ದಾಸರ ಪದಗಳು ಹತ್ತಿರ; ಅ.ನ.ಕೃ. ಕಾದಂಬರಿಯಿಂದ 1966ರಲ್ಲಿ ಬಂದ ‘ಸಂಧ್ಯಾರಾಗ’ ಚಿತ್ರಕ್ಕೆ ಹಾಡಿದ್ದು ಹತ್ತಿರ. ಮರಾಠಿಯವರಿಗೆ ಅಭಂಗಗಳು ಮೊದಲು, ಪುಣೆಯಲ್ಲಿ 1953ರಿಂದ ಗುರುವಿನ ಹೆಸರಿನಲ್ಲಿ ನಡೆಸಿಕೊಂಡು ಬಂದ ಸಂಗೀತೋತ್ಸವ ಮೊದಲು. ಇಲ್ಲಿ ಯಾರೂ ಸುಳ್ಳು ಬರೆಯಬೇಕಾಗಿಲ್ಲ. ಒಂದನ್ನು ಮೂರು ಪ್ಯಾರಾ ಮಾಡಿ ಇನ್ನೊಂದನ್ನು ಅರ್ಧ ಸಾಲಿಗೆ ಇಳಿಸಿದರೂ ಸಾಕು, ಮನುಷ್ಯನೇ ಬೇರೆಯಾಗಿಬಿಡುತ್ತಾನೆ. ಸುಳ್ಳಿಗಾದರೆ ‘ಉಲ್ಲೇಖ ಬೇಕು’ ಎಂಬ ಚೀಟಿ ಹಚ್ಚಬಹುದು. ಬಿಟ್ಟುಹೋದದ್ದಕ್ಕೆ ಚೀಟಿ ಹಚ್ಚುವುದೆಲ್ಲಿ? ಅಲ್ಲಿ ಸಾಲೇ ಇರುವುದಿಲ್ಲವಲ್ಲ. ನನ್ನ ಮಟ್ಟಿಗೆ ಸುಳ್ಳಿಗಿಂತ ಇದೇ ಹೆಚ್ಚು ಅಪಾಯದ್ದು. ಯಾಕೆಂದರೆ ಇದನ್ನು ಮಾಡುವವರಿಗೆ ತಾವು ಏನಾದರೂ ತಪ್ಪು ಮಾಡುತ್ತಿದ್ದೇವೆಂಬ ಅಳುಕೇ ಇರುವುದಿಲ್ಲ. ಅಭಿಮಾನದಿಂದಲೇ ಮಾಡಿರುತ್ತಾರೆ.

ಹುಟ್ಟಿದೂರನ್ನೇ ನೋಡಿ. 1922ರಲ್ಲಿ ಹುಟ್ಟಿದ ಈ ಗಾಯಕರ ಊರು ಕೆಲವು ಬರಹಗಳಲ್ಲಿ ರೋಣ, ಕೆಲವುಗಳಲ್ಲಿ ಗದಗ. ಎರಡಕ್ಕೂ ಆಧಾರವಿದ್ದರೆ ಎರಡನ್ನೂ ಬರೆದು, ಯಾರು ಏನು ಹೇಳಿದ್ದಾರೆಂದು ತೋರಿಸಿ ಸುಮ್ಮನಾಗಬೇಕು. ಒಂದೂರನ್ನು ಗೆಲ್ಲಿಸುವುದು ವಿಶ್ವಕೋಶದ ಕೆಲಸವಲ್ಲ. ಇದಕ್ಕಿಂತ ಬಿಸಿ ಏರುವುದು ಅದರ ಮುಂದಿನ ಪದಕ್ಕೆ. ಜಿಲ್ಲೆ ಯಾವುದು, ರಾಜ್ಯ ಯಾವುದು? ಆಗ ರೋಣವೂ ಗದಗವೂ ಧಾರವಾಡ ಜಿಲ್ಲೆಯ ಊರುಗಳು, ಮುಂಬೈ ಪ್ರಾಂತದೊಳಗೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ, ಗದಗ ಜಿಲ್ಲೆಯಾದದ್ದು 1997ರಲ್ಲಿ. ‘ಮುಂಬೈ ಪ್ರಾಂತ’ ಎಂದಷ್ಟೇ ಬರೆದರೆ ಕನ್ನಡದ ಓದುಗನಿಗೆ ಏನೋ ಕಸಿದುಕೊಂಡಂತೆ ಅನ್ನಿಸುತ್ತದೆ; ‘ಕರ್ನಾಟಕ’ ಎಂದಷ್ಟೇ ಬರೆದರೆ 1922ಕ್ಕೆ ಅದು ಸಲ್ಲುವುದಿಲ್ಲ. ಅಂದಿನ ಹೆಸರು, ಇಂದಿನ ಹೆಸರು ಎರಡೂ ಬೇಕು.

ಉದಗೀರದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಅದೇ 1922ರಲ್ಲಿ ಅಲ್ಲಿ ಹುಟ್ಟಿದ ಅಜ್ಜನ ಕಥೆ ತೆಗೆದುಕೊಳ್ಳಿ. ಹುಟ್ಟಿದ್ದು ನಿಜಾಮರ ರಾಜ್ಯದ ಬೀದರ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಬೀದರದಿಂದ ಕಳಚಿ ಮುಂಬೈ ರಾಜ್ಯಕ್ಕೆ ಹೋದವು, ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1960ಕ್ಕೆ ಮಹಾರಾಷ್ಟ್ರ. 1982ಕ್ಕೆ ಲಾತೂರ ಜಿಲ್ಲೆ. ಉಮರ್ಗಾ ಉಸ್ಮಾನಾಬಾದದಲ್ಲೇ ಉಳಿಯಿತು, ಈಗ ಆ ಜಿಲ್ಲೆಯ ಹೆಸರು ಧಾರಾಶಿವ. ಬೀದರದ ಕಚೇರಿಯ ಹಳೆಯ ಕಾಗದ ತೋರಿಸಿ ‘ನೀನು ಕರ್ನಾಟಕದವನು’ ಎಂದರೆ ಅಜ್ಜ ನಕ್ಕಾನು. ‘ನೀನು ಮೊದಲಿನಿಂದಲೂ ಲಾತೂರಿನವನೇ’ ಎಂದರೂ ನಕ್ಕಾನು. ಇಂಥ ಮನೆಯಲ್ಲಿ ಬೆಳೆದವರಿಗೆ ಒಬ್ಬ ಮನುಷ್ಯನನ್ನು ಒಂದೇ ರಾಜ್ಯದ ಖಾತೆಗೆ ಬರೆಯುವ ಆತುರ ಇರಬಾರದು. ಇರುವುದೇ ಇಲ್ಲ ಎನ್ನಲಾರೆ. ಗಡಿಯಲ್ಲಿ ಕೆಲವರಿಗೆ ಆ ಆತುರ ಇನ್ನೂ ಹೆಚ್ಚು, ಅದಕ್ಕೆ ಅವರದೇ ನೋವುಗಳಿವೆ.

ಸರ್ಕಾರಗಳು ಜೋಶಿಯವರ ವಿಷಯದಲ್ಲಿ ಜಗಳವಿಲ್ಲದೆ ನಡೆದುಕೊಂಡವು ಅನ್ನಬೇಕು. 2002ರಲ್ಲಿ ಮಹಾರಾಷ್ಟ್ರ ಭೂಷಣ, 2005ರಲ್ಲಿ ಕರ್ನಾಟಕ ರತ್ನ, 2008ರಲ್ಲಿ ಭಾರತ ರತ್ನ. ಪಟ್ಟಿಯಲ್ಲಿ ಯಾವುದು ಮೇಲೆ ಎಂದು ವಾದ ಹೂಡುವವರಿಗೆ ಇಸವಿಯೇ ಉತ್ತರ.

ಖಾಸಗಿ ಬದುಕಿನ ಭಾಗ ಇನ್ನೂ ಕಷ್ಟದ್ದು. ಎರಡು ಸಂಸಾರ, ಕುಡಿತದ ವರ್ಷಗಳು: ಇವು ಗುಟ್ಟಾಗಿ ಉಳಿದಿಲ್ಲ. ಮೊದಲ ಸಂಸಾರದ ಮಗ ರಾಘವೇಂದ್ರ ಜೋಶಿ ಮರಾಠಿಯಲ್ಲಿ ಅಪ್ಪನ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಭಕ್ತನೊಬ್ಬ ಬಂದು ಈ ಸಾಲುಗಳನ್ನು ಅಳಿಸುತ್ತಾನೆ. ಚಪಲದವನೊಬ್ಬ ಬಂದು ಅವನ್ನೇ ಉಬ್ಬಿಸುತ್ತಾನೆ. ನನಗೆ ಭಕ್ತನ ಮೇಲೆ ಸಿಟ್ಟು ಬರುವುದಿಲ್ಲ, ಆದರೂ ಅವನು ಅಳಿಸಿದ್ದನ್ನು ಮರಳಿ ಹಾಕಲೇಬೇಕು. ಅಭಂಗ ಕೇಳಿ ಕಣ್ಣೊರೆಸಿಕೊಂಡವರಿಗೆ ಆ ಕಂಠದ ಹಿಂದೆ ಎರಡು ಮನೆಗಳ ನೋವೂ ಇತ್ತೆಂದು ತಿಳಿದರೆ ಅಭಂಗವೇನೂ ಕೆಡುವುದಿಲ್ಲ.

ಇದೆಲ್ಲ ಹೆಸರಿಲ್ಲದ ಕೆಲಸ. ನಮ್ಮ ಹೊಲಗಳಲ್ಲಿ ಮುಯ್ಯಾಳು ಪದ್ಧತಿಯುಂಟು: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಲ್ಲಿ ಯಾರ ಸಾಲ ಎಷ್ಟೆಂದು ಎಲ್ಲರಿಗೂ ಗೊತ್ತು. ವಿಕಿಪೀಡಿಯದಲ್ಲಿ ಮುಯ್ಯಿ ತೀರಿಸಲು ಯಾರೂ ಬರುವುದಿಲ್ಲ. ಇಡೀ ಸಂಜೆ ಕೂತು ತಿದ್ದಿದ ಪ್ಯಾರಾವನ್ನು, ಮುಖ ಕಾಣದ ಒಬ್ಬ ಮರುದಿನ ಎರಡು ಸಾಲಿಗೆ ಕತ್ತರಿಸಿರುತ್ತಾನೆ. ‘ಇತಿಹಾಸ’ ಒತ್ತಿದರೆ ಹಳೆಯದೆಲ್ಲ ಅಲ್ಲೇ ಇರುತ್ತದೆ, ಅಳಿಸಿದವನ ಕಾರಣವೂ ಕೆಲವೊಮ್ಮೆ ಇರುತ್ತದೆ. ಸಿಟ್ಟಿನ ಕೈಗೆ ಕಡಿವಾಣ ಬೇಕೆಂದೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಕಟ್ಟಳೆ ಮಾಡಿದ್ದಾರೆ: ಒಂದೇ ಪುಟದಲ್ಲಿ 24 ತಾಸಿನೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ತಿದ್ದುಪಡಿಯನ್ನು ರದ್ದು ಮಾಡುವಂತಿಲ್ಲ. ಆಮೇಲೆ ಚರ್ಚೆಪುಟಕ್ಕೆ ಹೋಗಿ ಮಾತಾಡಬೇಕು. ಎದುರಿನವನು ಕತ್ತರಿಸಿದ್ದರಲ್ಲಿ ಅರ್ಧ ನನ್ನ ಹೊಗಳಿಕೆಯೇ ಆಗಿತ್ತೆಂದು ಅಲ್ಲಿ ತಿಳಿಯುವುದುಂಟು. ‘ಗಾನಗಂಧರ್ವ’, ‘ಅಪ್ರತಿಮ’, ‘ಅದ್ವಿತೀಯ’ ಇವೆಲ್ಲ ಹೋದ ಮೇಲೂ ಭೀಮಸೇನರು ಉಳಿದೇ ಇರುತ್ತಾರೆ.

ಹೊಗಳಿಕೆ ಹೋಗಲಿ. ನೆನಪಿಗೆ ಏನು ಮಾಡುವುದು? ಉದಗೀರದ ಯಾವುದೋ ಕಟ್ಟೆಯ ಮೇಲೆ ಕೂತ ಕಾಕಾ ಒಬ್ಬರು ‘ಪಂಡಿತಜೀನ್ನ ನಾ ಎದುರಿಗೇ ಕೂತು ಕೇಳೀನಪಾ, ನಸುಕಾದ್ರೂ ಮಂದಿ ಎದ್ದಿದ್ದಿಲ್ಲ’ ಎಂದರೆಂದು ಇಟ್ಟುಕೊಳ್ಳಿ. ಅದು ಪುಟಕ್ಕೆ ಬರುವ ಹಾಗಿಲ್ಲ. ಅಚ್ಚಾದ ಆಧಾರ ಬೇಕು. ಗಡಿಯ ಕನ್ನಡದವರಿಗೆ ಈ ನಿಯಮ ಬೇರೆಯವರಿಗಿಂತ ಹೆಚ್ಚು ಭಾರ: ಅವರ ಹಿಂದಿನ ಕಾಲದ ಕಾಗದಪತ್ರ ಉರ್ದುವಿನಲ್ಲಿ, ಆಮೇಲಿನ ಪತ್ರಿಕೆಗಳು ಮರಾಠಿಯಲ್ಲಿ, ಕನ್ನಡದಲ್ಲಿ ಉಳಿದದ್ದು ಬಾಯಿಮಾತು. ಹಾಗಂತ ನಿಯಮ ಸಡಿಲಿಸಿ ಎನ್ನಲಾರೆ. ಸಡಿಲಿಸಿದರೆ ಕಾಕಾನ ನೆನಪಿನ ಜೊತೆಗೆ ನೂರು ಕಟ್ಟುಕಥೆಗಳೂ ಒಳಗೆ ಬರುತ್ತವೆ.

ಆದ್ದರಿಂದ ಕೆಲಸ ಪುಟದ ಹೊರಗೇ ಶುರುವಾಗಬೇಕು. ಕಾಕಾನ ಮಾತನ್ನು ಯಾರಾದರೂ ಕೂತು ಕೇಳಿ, ಧ್ವನಿ ಹಿಡಿದು, ಇಸವಿ ಗೊತ್ತು ಮಾಡಿಕೊಂಡು, ಆ ಕಾಲದ ಮರಾಠಿ ಪತ್ರಿಕೆಗಳ ಹಳೆ ಸಂಚಿಕೆಗಳ ಜೊತೆ ತಾಳೆ ನೋಡಿ, ಲೇಖನವಾಗಿ ಎಲ್ಲಾದರೂ ಅಚ್ಚು ಹಾಕಿಸಬೇಕು. ಪುಟಕ್ಕೆ ಸೇರಿಸುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಇಷ್ಟೆಲ್ಲ ಆದ ಮೇಲೂ ಒಬ್ಬ ಸಂಪಾದಕ ಬಂದು, ಭೀಮಸೇನರು ಹಾಡಿದ ಅಷ್ಟೊಂದು ಕಚೇರಿಗಳಲ್ಲಿ ಇದೊಂದಕ್ಕೇಕೆ ಇಷ್ಟು ಜಾಗ ಎಂದು ತೆಗೆದುಹಾಕಬಹುದು. ಅವನು ಮಾಡಿದ್ದು ತಪ್ಪೆನ್ನಲಾರೆ. ಆ ಸಾಲು ಸೇರಬೇಕಾದದ್ದು ಬಹುಶಃ ಉದಗೀರದ ಪುಟಕ್ಕೆ, ಕನ್ನಡದಲ್ಲೂ ಮರಾಠಿಯಲ್ಲೂ.