ಕೇಳಿದ್ದು, ಕೇಳಿಸುವುದು

'ಈಗ ಏನು ಕೇಳುತ್ತಿದ್ದೀರಿ?' ಸಂಗೀತದ ಹುಚ್ಚಿರುವ ಇಬ್ಬರು ಭೇಟಿಯಾದರೆ ಆರೋಗ್ಯ ವಿಚಾರಿಸಿದಷ್ಟೇ ಸಹಜವಾಗಿ ಈ ಪ್ರಶ್ನೆ ಬರುತ್ತದೆ. ಹಾಡಿನ ಹೆಸರು ಹೇಳಿ ಮುಗಿಸಬಹುದು. ಆದರೆ 'ಯಾಕೆ?' ಎಂಬ ಎರಡನೆಯ ಪ್ರಶ್ನೆ ಬಂದೊಡನೆ ನಾವು ತಡವರಿಸುತ್ತೇವೆ. ಏಕೆಂದರೆ ಆ ಉತ್ತರದಲ್ಲಿ ಹಾಡಿಗಿಂತ ನಾವೇ ಹೆಚ್ಚು ಇರುತ್ತೇವೆ. ರಾತ್ರಿ ಒಬ್ಬರೇ ಕೂತಾಗ ಏನು ಕೇಳುತ್ತೇವೆ, ಯಾಕೆ ಕೇಳುತ್ತೇವೆ ಎಂದು ಹೇಳುವುದೆಂದರೆ ಹೊರಗಿನವರನ್ನು ಪಡಸಾಲೆ ದಾಟಿಸಿ ಒಳಕೋಣೆಗೆ ಕರೆದಂತೆ. ಹಾಗಾದರೆ ಒಂದು ಹಾಡನ್ನು ಇನ್ನೊಬ್ಬರಿಗೆ ಕೇಳಿಸುವಾಗ ನಾವು ನಿಜವಾಗಿ ಕೊಡುತ್ತಿರುವುದು ಏನನ್ನು? ಪಡೆದವರ ಮೇಲೆ ಅದರ ಋಣ ಏನಾದರೂ ಉಂಟೇ?

ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವ ಇರಾದೆ ನಮಗಿಲ್ಲ. ಅದು ಸಾವಿರ ವರ್ಷಗಳಿಂದ ನಡೆದಿದೆ, ಎರಡೂ ಕಡೆ ದೊಡ್ಡ ವಿದ್ವಾಂಸರಿದ್ದಾರೆ. ಆದರೆ ಆ ಚರ್ಚೆಯ ನಡುವೆಯೇ ಹುಟ್ಟಿದ ಒಂದು ಮಾತು ನಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. ಬಗ್ದಾದಿನ ಸೂಫಿ ಜುನೈದರು 'ಸಮಾ'ಕ್ಕೆ, ಅಂದರೆ ಕೂಡಿ ಕೂತು ಹಾಡು ಕೇಳುವುದಕ್ಕೆ, ಮೂರು ಬೇಕು ಎಂದಿದ್ದರು: ಜಮಾನ್, ಮಕಾನ್, ಇಖ್ವಾನ್. ತಕ್ಕ ಹೊತ್ತು, ತಕ್ಕ ಜಾಗ, ತಕ್ಕ ಜೊತೆಗಾರರು. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿಯವರು ತಮ್ಮ 'ಇಹ್ಯಾ' ಗ್ರಂಥದಲ್ಲಿ ಈ ಮಾತನ್ನು ವಿವರಿಸುತ್ತ, ಜೊತೆಗೆ ಯಾರಿರಬಾರದು ಎಂಬುದನ್ನೂ ಹೇಳುತ್ತಾರೆ. ಹಾಡು ಕೇಳುವುದನ್ನೇ ಒಪ್ಪದ ಒಣ ವಿರಕ್ತ ಒಬ್ಬ. ಸದಾ ಅವನ ಮರ್ಜಿ ನೋಡಿಕೊಂಡೇ ಇರಬೇಕಾದ ಅಹಂಕಾರದ ಲೌಕಿಕ ಇನ್ನೊಬ್ಬ. ಇಲ್ಲದ ಭಾವಾವೇಶವನ್ನು ಮೈಮೇಲೆ ತಂದುಕೊಂಡು ಕುಣಿದು ಬಟ್ಟೆ ಹರಿದುಕೊಳ್ಳುವ ಸೋಗಿನ ಸೂಫಿ ಮೂರನೆಯವನು.

ಮೂರನೆಯವನ ಪರಿಚಯ ನಮಗೆಲ್ಲ ಚೆನ್ನಾಗಿಯೇ ಇದೆ. ಏನು ಕೇಳುತ್ತೀರಿ ಎಂದರೆ ತೂಕದ ಹೆಸರುಗಳನ್ನೇ ಹುಡುಕಿ ಹೇಳುವವನು ಅವನು. ಉಸ್ತಾದ್ ಅಮೀರ್ ಖಾನರ ವಿಲಂಬಿತ ಖಯಾಲಿನ ಬಗ್ಗೆ ಅರ್ಧ ಗಂಟೆ ಮಾತನಾಡಿ, ಮನೆಗೆ ಹೋಗಿ ಹಳೆಯ ಸಿನಿಮಾ ಹಾಡು ಹಚ್ಚಿಕೊಂಡು ಹಾಯಾಗಿ ಮಲಗುತ್ತಾನೆ. ಮಲಗಲಿ, ಅದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಆ ಹಾಡಿನ ಹೆಸರು ಹೇಳಲು ನಾಚುವುದರಲ್ಲಿ. ನಮಾಜು, ದಾನಗಳ ವಿಷಯದಲ್ಲಿ ನಮ್ಮ ಹಿರಿಯರು ಎಚ್ಚರಿಸುತ್ತಿದ್ದ 'ರಿಯಾ', ಅಂದರೆ ತೋರಿಕೆ, ಕಿವಿಗೂ ಅಂಟುವ ರೋಗ.

ಇನ್ನೊಂದು ಬಗೆಯ ತೋರಿಕೆಯೂ ಇದೆ. ಅದು ನಮ್ಮಂಥವರಿಗೆ ಹೆಚ್ಚು ನೋವು ಕೊಡುವಂಥದು. 1952ರ 'ಬೈಜು ಬಾವ್ರಾ' ಚಿತ್ರದಲ್ಲಿ ಮಾಲ್‌ಕೌಂಸ್ ರಾಗದ ಒಂದು ಭಜನೆಯಿದೆ. ಬರೆದವರು ಶಕೀಲ್ ಬದಾಯೂನಿ, ರಾಗ ಹಾಕಿದವರು ನೌಷಾದ್, ಹಾಡಿದವರು ಮಹಮ್ಮದ್ ರಫಿ. ಸೌಹಾರ್ದದ ಯಾವ ಸಭೆಗೆ ಹೋದರೂ ಭಾಷಣಕಾರರೊಬ್ಬರು ಈ ಮೂರು ಹೆಸರುಗಳನ್ನು ಬೆರಳು ಮಡಚಿ ಎಣಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಹಾಡನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಪ್ರಮಾಣಪತ್ರದಂತೆ ಎತ್ತಿ ತೋರಿಸುತ್ತಾರೆ ಅಷ್ಟೆ. ಮುಸಲ್ಮಾನನೊಬ್ಬ ಭಜನೆ ಇಷ್ಟ ಎಂದರೆ ಅವನು ಒಳ್ಳೆಯವನು, ಕವ್ವಾಲಿ ಇಷ್ಟ ಎಂದರೆ ಇನ್ನೂ ಸ್ವಲ್ಪ ವಿಚಾರಿಸಬೇಕು ಎನ್ನುವ ವಾತಾವರಣದಲ್ಲಿ 'ಯಾಕೆ ಕೇಳುತ್ತೀರಿ' ಎಂಬ ಪ್ರಶ್ನೆಗೆ ನಿಜವಾದ ಉತ್ತರ ಬಾಯಿಗೆ ಬರುವುದೇ ಇಲ್ಲ. ಇದರ ಇನ್ನೊಂದು ತುದಿಯಲ್ಲಿ, ಪರರ ಪ್ರಾರ್ಥನಾಲಯದ ಮುಂದೆ ನಿಂತು ಚುಚ್ಚಲೆಂದೇ ಡಿಜೆ ಹಚ್ಚುವವರಿದ್ದಾರೆ. ಯಾರ ಮೆರವಣಿಗೆಯೇ ಇರಲಿ, ಅದು ಹಾಡು ಕೇಳಿಸುವುದಲ್ಲ, ಹಾಡನ್ನು ಕಲ್ಲು ಮಾಡಿ ಎಸೆಯುವುದು.

ಹಿಂದೆ ಈ ಕೊಡುಕೊಳ್ಳುವಿಕೆ ಹೆಚ್ಚಾಗಿ ರೇಡಿಯೋದಲ್ಲಿ ನಡೆಯುತ್ತಿತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಖಾತೆಯ ಮಂತ್ರಿಯಾಗಿ ಬಂದ ಮೇಲೆ ಸಿನಿಮಾ ಹಾಡು ಆಕಾಶವಾಣಿಯಿಂದ ಮರೆಯಾಯಿತು. ದೇಶವೆಲ್ಲ ರೇಡಿಯೋ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾದದ್ದು ಅದೇ ವರ್ಷ. 1957ರಲ್ಲಿ ವಿವಿಧ ಭಾರತಿ ಬಂತು. ಆಮೇಲಿನದು ಫರ್ಮಾಯಿಶ್‌ಗಳ ಕಾಲ. ಇಂದಿನ ಜಾರ್ಖಂಡಿನಲ್ಲಿರುವ ಝುಮ್ರಿ ತಿಲೈಯಾ ಎಂಬ ಸಣ್ಣ ಊರು ದೇಶಕ್ಕೆಲ್ಲ ಗೊತ್ತಾದದ್ದೇ ಅಲ್ಲಿಂದ ಹೋಗುತ್ತಿದ್ದ ಕೋರಿಕೆಯ ಕಾಗದಗಳಿಂದ. ಹಾಡಿಗೆ ಮೊದಲು ಹೆಸರುಗಳ ಸಾಲು ಬರುತ್ತಿತ್ತು. ಇಂಥ ಊರಿನಿಂದ ಇಂಥವರು, ಅವರ ತಮ್ಮ, ತಂಗಿ, ಗೆಳೆಯರು. ಕಾರಣ ಮಾತ್ರ ಯಾರೂ ಹೇಳುತ್ತಿರಲಿಲ್ಲ. ಆದರೂ ಆ ಹೆಸರುಗಳು ಖಾಲಿ ಇರಲಿಲ್ಲ. ವಿರಹದ ಹಾಡೊಂದನ್ನು ಒಂದೇ ಮನೆಯ ಆರು ಜನ ಕೂಡಿ ಕೋರಿದ್ದಾರೆಂದರೆ ಆ ಮನೆಯಲ್ಲಿ ಏನಾಗಿರಬಹುದೆಂದು ಕೇಳುಗರು ಊಹಿಸುತ್ತಿದ್ದರು. ಕತೆ ಬರೆಯುವ ಚಟ ಹತ್ತಿಸಿಕೊಂಡ ನಮಗೆ ಆ ಹೆಸರುಗಳ ಸಾಲು ಎಷ್ಟೋ ಸಲ ಹಾಡಿಗಿಂತ ರುಚಿಯಾಗಿತ್ತು.

ಕಾರಣ ಯಾಕೆ ಬೇಕು, ಹಾಡೇ ಸಾಲದೇ ಎಂದು ಕೇಳುವವರಿದ್ದಾರೆ. ಅವರ ಪರವಾಗಿ ಹೇಳಲು ನಮ್ಮ ಧಾರವಾಡ ಸೀಮೆಯಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮರಿಯ ಗ್ರಾಮಫೋನ್ ತಟ್ಟೆಯನ್ನು ಬಾಲಕ ಭೀಮಸೇನ ಜೋಶಿ ಕೇಳಿದರು. ಮಗ್ಗುಲೊಂದಕ್ಕೆ ಸುಮಾರು ಮೂರು ನಿಮಿಷ ಹಿಡಿಯುತ್ತಿದ್ದ ತಟ್ಟೆ ಅದು. ಯಾರೂ ಕೂತು ಅದರ ಮಹಿಮೆ ವಿವರಿಸಿರಲಿಲ್ಲ. 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಇದು ನಿಜ. ಆದರೆ ಆತ ತಟ್ಟೆಯ ಮುಂದೆಯೇ ಕೂತುಬಿಡಲಿಲ್ಲ ಎಂಬುದೂ ನಿಜ. ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿ ಬಂದು, ಕೊನೆಗೆ ಕುಂದಗೋಳದಲ್ಲಿ ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತದ್ದು. ತಟ್ಟೆ ಆತನನ್ನು ಮನುಷ್ಯನ ಬಳಿಗೇ ಕಳಿಸಿತು.

ಈಗ ನಮ್ಮ ಕೂಟದ ಮಾತು. ಹುಬ್ಬಳ್ಳಿಯಲ್ಲಿ ನಾವು ಐದಾರು ಜನ ತಿಂಗಳಿಗೊಮ್ಮೆ ಭಾನುವಾರ ಸಂಜೆ ಸೇರುತ್ತೇವೆ. ಒಬ್ಬೊಬ್ಬರು ಒಂದೇ ಹಾಡು ತರಬೇಕು, ಅದನ್ನು ಯಾಕೆ ತಂದೆವೆಂದು ಹೇಳಬೇಕು. ಉಳಿದವರು ಕೊನೆಯವರೆಗೆ ಸುಮ್ಮನೆ ಕೂತು ಕೇಳಬೇಕು. ಮೆಚ್ಚಲೇಬೇಕೆಂಬ ಕಟ್ಟಳೆ ಇಲ್ಲ. ನಡುವೆ ಮಾತಾಡಿದವರು ಚಹಾದ ಖರ್ಚು ಕೊಡಬೇಕು. ನಿವೃತ್ತ ಕನ್ನಡ ಮಾಸ್ತರರೊಬ್ಬರು, ಬ್ಯಾಂಕಿನವರೊಬ್ಬರು, ಅವರ ಮಗ, ಮತ್ತೊಬ್ಬರು ದರ್ಜಿ ಕೆಲಸದ ಹಿರಿಯ ಗೆಳೆಯರು. ಈ ದರ್ಜಿ ಗೆಳೆಯರು ಕೆಲವು ವರ್ಷಗಳಿಂದ ವಾದ್ಯವಿರುವ ಹಾಡು ಕೇಳುವುದನ್ನು ಬಿಟ್ಟಿದ್ದಾರೆ. ಅದು ಅವರ ನಂಬಿಕೆ. ಅವರೇ ಯೋಚಿಸಿ ತೆಗೆದುಕೊಂಡ ತೀರ್ಮಾನ. ಆದರೂ ಕೂಟ ತಪ್ಪಿಸುವುದಿಲ್ಲ. ಗಜಾಲಿಯವರ ಪಟ್ಟಿಯ ಪ್ರಕಾರ ಇಂಥವರು ಕೂಟದಲ್ಲಿ ಇರಬಾರದು.

ಒಂದು ಸಲ ಅವರ ಸರದಿ ಬಂದಾಗ ಮಾಸ್ತರರು, 'ನಿಮ್ಮದು ಬಿಡ್ರಿ ಭಾಯ್, ಮುಂದಿನವ್ರು ಹಚ್ಚಲಿ' ಎಂದರು. ಮುಜುಗರ ಆಗದಿರಲಿ ಎಂದು ಹೇಳಿದ ಮಾತದು. ಅವರು ಒಪ್ಪಲಿಲ್ಲ. 'ಹಾಡ ಹಚ್ಚೂದು ಬ್ಯಾಡ ಸರ್. ಯಾಕ ಅನ್ನೂದು ಹೇಳ್ತೀನಿ, ಅಷ್ಟ ಕೇಳ್ರಿ' ಎಂದು ಶುರು ಮಾಡಿದರು. ಹತ್ತು ವರ್ಷದ ಹುಡುಗನಾಗಿ ಕಾಜಾ ಹೊಲಿಯಲು ಅಂಗಡಿ ಸೇರಿದ್ದು, ರಂಜಾನ್ ಹಬ್ಬದ ಹಿಂದಿನ ರಾತ್ರಿ ಬೆಳಗಿನ ಜಾವದವರೆಗೆ ಕೆಲಸ, ಕೈಯಲ್ಲಿ ಸೂಜಿ ಹಿಡಿದೇ ತೂಕಡಿಕೆ. ಅಂಗಡಿಯ ಉಸ್ತಾದ್ ಬಯ್ಯುತ್ತಿರಲಿಲ್ಲ. ಟೇಪ್ ರೆಕಾರ್ಡರಿನ ದನಿ ಸ್ವಲ್ಪ ಏರಿಸುತ್ತಿದ್ದರು. ಪಿ.ಬಿ. ಶ್ರೀನಿವಾಸರ ಹಾಡು. ಹುಡುಗ ಎಚ್ಚತ್ತು ನೋಡಿದರೆ ಉಸ್ತಾದ್ ಏನೂ ಗೊತ್ತಿಲ್ಲದವರಂತೆ ಮಷಿನ್ ತುಳಿಯುತ್ತಿದ್ದರಂತೆ. 'ನನ್ನ ಎಬ್ಬಸಾಕ ಆ ಮನಶಾ ಹಾಡ ಬಳಸಿದ್ರು, ಕೈ ಬಳಸಲಿಲ್ಲ' ಎಂದರು. ಅಷ್ಟೇ ಹೇಳಿ ಚಹಾ ಕುಡಿದರು. ಯಾವ ಹಾಡು ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆದರೆ ಆ ರಾತ್ರಿ ನಾವೆಲ್ಲರೂ ನಮ್ಮ ನಮ್ಮ ಮನೆಗಳಲ್ಲಿ ಶ್ರೀನಿವಾಸರ ಹಾಡುಗಳನ್ನು ಹಾಕಿಕೊಂಡು, ಅದು ಇದಿರಬಹುದೇ, ಇದಿರಬಹುದೇ ಎಂದು ಹುಡುಕಿದೆವು. ಅಂದಹಾಗೆ, ಆ ಗಾಯಕ ಉರ್ದುವಿನಲ್ಲಿ ಗಜಲ್‌ಗಳನ್ನೂ ಬರೆಯುತ್ತಿದ್ದರು.

ಹಾಡು ಕೇಳಿಸದೆಯೇ ಹಾಡನ್ನು ಕೊಟ್ಟವರು ಅವರು. ಇಂಥವರನ್ನು ಹೊರಗಿಡಬೇಕೆಂದರೆ ನಾವು ಒಪ್ಪಲಾರೆವು, ಹೇಳಿದವರು ಗಜಾಲಿಯಂಥ ದೊಡ್ಡವರಾದರೂ. ಬಹುಶಃ ಅವರು ಹೇಳಿದ್ದು ಕೇಳುವವರ ಮೇಲೆ ತನ್ನ ವಿರಕ್ತಿಯನ್ನು ಹೇರುವವನ ಬಗ್ಗೆ ಇರಬೇಕು. ನಮ್ಮ ಗೆಳೆಯರು ಹೇರುವವರಲ್ಲ.

ಇದಕ್ಕೆ ಸರಿ ಎದುರಿನದು ಈಗ ನಮ್ಮೆಲ್ಲರ ಜೇಬಿನಲ್ಲಿದೆ. ಒಂದು ಹಾಡು ಮುಗಿಯುವುದರೊಳಗೆ ಫೋನು ಇನ್ನೊಂದನ್ನು ಮುಂದೆ ಮಾಡುತ್ತದೆ. ಅದನ್ನು ಕೇಳಿದ ಸಾವಿರಾರು ಜನ ಇದನ್ನೂ ಕೇಳಿದ್ದಾರೆ ಎಂಬ ಲೆಕ್ಕ ಅದರ ಹಿಂದಿದೆ, ಕಾರಣ ಇಲ್ಲ. ಆದರೆ ಯಂತ್ರವನ್ನು ಬರೀ ಬಯ್ಯುವುದು ಅನ್ಯಾಯವಾದೀತು. ಬ್ಯಾಂಕಿನವರ ಮಗನಿಗೆ ಬೇಗಂ ಅಖ್ತರ್ ಸಿಕ್ಕಿದ್ದು ಫೋನಿನಿಂದಲೇ. ನಮ್ಮಲ್ಲಿ ಯಾರೂ ಅವನಿಗೆ ಆಕೆಯ ಹೆಸರು ಹೇಳಿರಲಿಲ್ಲ. ಅವನ ಸರದಿಯಲ್ಲಿ ಆಕೆಯ ಗಜಲ್ ತಂದಾಗ, ದನಿ ಸಣ್ಣಗೆ ಒಡೆಯುವ ಒಂದು ಜಾಗವನ್ನು ತೋರಿಸಿ, 'ಹಾಸ್ಟೆಲಿನಲ್ಲಿ ಪರೀಕ್ಷೆ ಫೇಲಾದ ವಾರ ಇದೊಂದನ್ನೇ ಕೇಳ್ತಿದ್ದೆ' ಎಂದ. ಅವನ ತಂದೆಗೆ ಆ ವಾರದ ಸಂಗತಿ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಾಡು ಮುಗಿಯುವವರೆಗೂ ಅವರು ತಲೆ ಎತ್ತಲಿಲ್ಲ. ಮಾತಾಡಲೂ ಇಲ್ಲ. ಅದು ಚಹಾದ ಖರ್ಚಿನ ಭಯಕ್ಕಂತೂ ಅಲ್ಲ.

ದರ್ಜಿ ಗೆಳೆಯರಿಗಾಗಿ ಕೂಟದ ಕ್ರಮವನ್ನು ಈಗ ಸ್ವಲ್ಪ ಬದಲಿಸಿಕೊಂಡಿದ್ದೇವೆ. ಮೊದಲು ಎಲ್ಲರ ಕಾರಣಗಳು, ಆಮೇಲೆ ಎಲ್ಲರ ಹಾಡುಗಳು. ಕಾರಣಗಳು ಮುಗಿದ ಮೇಲೆ ಅವರು ಮಗರಿಬ್ ನಮಾಜಿಗೆ ಎದ್ದು ಹೋಗುತ್ತಾರೆ. ಮರುದಿನ ಅಂಗಡಿಯ ಮುಂದೆ ಹಾದುಹೋಗುವಾಗ ಮಾಸ್ತರರನ್ನು ಕರೆದು, ಹಾಡು ಹೇಗಿತ್ತೆಂದು ವಿಚಾರಿಸುತ್ತಾರಂತೆ.